ಎಲ್ಲ ಕೀಲುನೋವೂ ‘ವಾಯು’ ಅಲ್ಲ: ಯಾವ ಸಂಧಿವಾತ ಎಂದು ಗುರುತಿಸುವುದು ಹೇಗೆ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಕೀಲು ಹಿಡಿದರೆ ಬರುವ ಮೊದಲ ಮಾತು ‘ವಾಯು ಆಗೇತಿ’. ಅರವತ್ತರ ಅಜ್ಜಿಯ ಮೊಣಕಾಲಿಗೂ ಅದೇ ಹೆಸರು, ಮೂವತ್ತೈದರ ಸೊಸೆಯ ಊದಿದ ಬೆರಳಿಗೂ ಅದೇ, ರಾತ್ರೋರಾತ್ರಿ ಕೆಂಪಾಗಿ ಸಿಡಿಯುವ ಅಪ್ಪನ ಕಾಲಿನ ಹೆಬ್ಬೆರಳಿಗೂ ಅದೇ. ಹೆಸರು ಒಂದೇ ಆದಮೇಲೆ ಔಷಧವೂ ಒಂದೇ ಆಗಿಬಿಡುತ್ತದೆ: ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ, ಮೇಲೊಂದಿಷ್ಟು ಎಣ್ಣೆ. ಆದರೆ ಈ ಮೂವರಿಗೂ ಬಂದಿರುವುದು ಬೇರೆಬೇರೆ ರೋಗ. ಅಜ್ಜಿಗೆ ಬೇಕಾದದ್ದು ತೊಡೆಯ ಬಲ. ಸೊಸೆಗೆ ಬೇಕಾದದ್ದು ಮೂರು ತಿಂಗಳೊಳಗೆ ಶುರುವಾಗಲೇಬೇಕಾದ ಔಷಧ. ಅಪ್ಪನಿಗೆ ಬೇಕಾದದ್ದು ರಕ್ತದಲ್ಲಿ ಸೇರುವ ಯೂರಿಕ್ ಆಸಿಡ್ ಎಂಬ ಕಸವನ್ನು ಇಳಿಸುವ ಗುಳಿಗೆ. ಅಜ್ಜಿಯ ಉಪಚಾರವನ್ನೇ ಸೊಸೆಗೂ ಮಾಡುತ್ತ ಒಂದೆರಡು ವರ್ಷ ಕಳೆದರೆ ಅವಳ ಬೆರಳು ಸೊಟ್ಟಗಾಗುತ್ತವೆ, ಮತ್ತೆ ನೆಟ್ಟಗಾಗುವುದಿಲ್ಲ.

ಕೀಲಿನಲ್ಲಿ ಎರಡು ಎಲುಬಿನ ತುದಿಗಳು ಸೇರುತ್ತವೆ. ಆ ತುದಿಗಳಿಗೆ ಕಾರ್ಟಿಲೇಜ್ ಎಂಬ ನುಣುಪಾದ ಮೆತ್ತೆ ಇದೆ, ಸುತ್ತಲೂ ಒಂದು ಚೀಲ ಇದೆ, ಚೀಲದ ಒಳಪೊರೆ ಎಣ್ಣೆಯಂಥ ಜಾರುವ ದ್ರವವನ್ನು ಒಸರುತ್ತದೆ. ಮೆತ್ತೆ ಸವೆದರೆ ಒಂದು ರೋಗ, ಪೊರೆಗೆ ಉರಿಯೂತ ಬಂದರೆ ಇನ್ನೊಂದು, ದ್ರವದಲ್ಲಿ ಹರಳು ಕೂತರೆ ಮತ್ತೊಂದು, ಕೀವು ತುಂಬಿದರೆ ನಾಲ್ಕನೆಯದು. ಯಾವುದಾದರೂ ನೋವು ಒಂದೇ ಥರ ಅನ್ನಿಸಬಹುದು. ಆದರೆ ಅದು ಬರುವ ಹೊತ್ತು, ಹಿಡಿಯುವ ಜಾಗ, ಊದುವ ರೀತಿ ಬೇರೆ.

ಮೊದಲು ಒಂದು ವಾರ ಬರೆದಿಡಿ

ದವಾಖಾನೆಯಲ್ಲಿ ಡಾಕ್ಟರು ಕೇಳುವ ಪ್ರಶ್ನೆಗೆ ಹೆಚ್ಚಿನವರು ‘ಎಲ್ಲಾ ಕಡೆ ನೋಯ್ತೈತಿ’ ಎಂದುಬಿಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲು ಒಂದು ಹಾಳೆಯಲ್ಲಿ ಏಳು ದಿನ ಈ ಸಂಗತಿಗಳನ್ನು ಗುರುತು ಹಾಕಿ.

ಬೆಳಿಗ್ಗೆ ಎದ್ದಮೇಲೆ ಕೀಲಿನ ಬಿಗಿತ ಎಷ್ಟು ಹೊತ್ತು ಇರುತ್ತದೆ? ಗಡಿಯಾರ ನೋಡಿ ನಿಮಿಷದಲ್ಲಿ ಬರೆಯಿರಿ. ಅರ್ಧ ಗಂಟೆಯೊಳಗೆ ಬಿಟ್ಟರೆ ಸವಕಳಿಯ ಕಡೆಗೆ ಬೊಟ್ಟು. ಚಹಾ ಆಗಿ, ರೊಟ್ಟಿ ಆಗಿ, ಒಂದು ತಾಸು ದಾಟಿದರೂ ಮುಷ್ಟಿ ಕೂಡದಿದ್ದರೆ ಉರಿಯೂತದ ಕಡೆಗೆ. ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಬೇಕು, ಅಷ್ಟು ಬೆಲೆ ಇದಕ್ಕಿದೆ.

ಕೆಲಸ ಮಾಡಿದಷ್ಟೂ ನೋವು ಏರುತ್ತದೆಯೋ, ಓಡಾಡಿದಮೇಲೆ ಇಳಿಯುತ್ತದೆಯೋ? ಸವೆದ ಕೀಲು ಸಂಜೆಗೆ ಹೆಚ್ಚು ನೋಯುತ್ತದೆ, ಉರಿಯೂತದ ಕೀಲು ನಸುಕಿನಲ್ಲಿ.

ಯಾವ ಕೀಲು? ಅಂಗೈಯ ಚಿತ್ರ ಬರೆದು ನೋಯುವಲ್ಲಿ ಚುಕ್ಕೆ ಇಡಿ. ಬೆರಳ ತುದಿಯ ಕೀಲು, ನಡುವಿನ ಕೀಲು, ಬುಡದ ಗೆಣ್ಣು, ಮಣಿಕಟ್ಟು, ಇವು ಬೇರೆಬೇರೆ ಕಥೆ ಹೇಳುತ್ತವೆ. ಎರಡೂ ಕೈಗೆ ಒಟ್ಟಿಗೇ ಬಂದಿದೆಯೇ ಎಂಬುದೂ ಮುಖ್ಯ.

ಬಾವು ಇದೆಯೇ? ಮುಟ್ಟಿ ನೋಡಿ. ಕಲ್ಲಿನಂತೆ ಗಟ್ಟಿ ಗಂಟಾದರೆ ಎಲುಬು ಬೆಳೆದದ್ದು, ಹದವಾಗಿ ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ಒಳಪೊರೆ ಊದಿದ್ದು. ಹೆಣ್ಣುಮಕ್ಕಳಿಗೆ ಇನ್ನೊಂದು ಸುಳಿವು: ದಿನಾ ಸಲೀಸಾಗಿ ಏರುತ್ತಿದ್ದ ಬಳೆ, ಉಂಗುರ, ಕಾಲುಂಗುರ ಬಿಗಿಯಾಗತೊಡಗಿದರೆ ಅದು ಬಾವೇ. ಎದೆಯ ಮುಂದೆ ನಮಸ್ಕಾರ ಮಾಡಿ. ಎರಡೂ ಅಂಗೈ ಪೂರ್ತಿ ಕೂಡಬೇಕು, ಮೊಣಕೈ ಎತ್ತಿದರೂ ಮಣಿಕಟ್ಟು ನೋಯಬಾರದು.

ಇದರ ಜತೆಗೆ ಜ್ವರ, ಚರ್ಮದ ಮೇಲೆ ಹಪ್ಪಳೆ, ಕಣ್ಣು ಕೆಂಪಾಗುವುದು, ತೂಕ ಇಳಿಯುವುದು, ಮನೆಯಲ್ಲಿ ಬೇರೆ ಯಾರಿಗಾದರೂ ಇದೇ ತೊಂದರೆ, ಇವನ್ನೂ ಬರೆಯಿರಿ.

ವಾರ ಕಾಯಬಾರದ ಸಂದರ್ಭ

ಒಂದೇ ಕೀಲು ಒಂದೆರಡು ದಿನದಲ್ಲಿ ಊದಿ, ಕೈಯಿಟ್ಟರೆ ಸುಡುವಂತಾಗಿ, ಜ್ವರ ಬಂದು, ಚೂರೂ ಅಲುಗಿಸಲಾಗದಿದ್ದರೆ ಅದು ಕೀವು ತುಂಬಿದ ಕೀಲು ಇರಬಹುದು. ಮೆತ್ತೆ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ, ಸೋಂಕು ರಕ್ತಕ್ಕೂ ಇಳಿಯಬಹುದು. ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ, ಉಳಿದ ಆಂಟಿಬಯೋಟಿಕ್ ಗುಳಿಗೆ ನುಂಗಬೇಡಿ. ಅರ್ಧಂಬರ್ಧ ಗುಳಿಗೆ ನುಂಗಿದರೆ ಕೀಲಿನ ನೀರು ತೆಗೆದು ಪರೀಕ್ಷಿಸುವಾಗ ಯಾವ ರೋಗಾಣು ಎಂದು ಸಿಗದೇ ಹೋಗುತ್ತದೆ. ಅವತ್ತೇ ದೊಡ್ಡ ದವಾಖಾನೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಆ ಕೀಲಿಗೆ ಇತ್ತೀಚೆಗೆ ಸೂಜಿ ಹಾಕಿಸಿಕೊಂಡವರಿಗೆ ಈ ಅಪಾಯ ಹೆಚ್ಚು.

5ರಿಂದ 15 ವರ್ಷದ ಮಗು ಗಂಟಲು ನೋವಾಗಿ ಎರಡು ಮೂರು ವಾರದ ಮೇಲೆ ಇವತ್ತು ಮೊಣಕಾಲು, ನಾಳೆ ಹರಡು, ನಾಡಿದ್ದು ಮೊಣಕೈ ಎಂದು ಅತ್ತರೆ ಅದು ರುಮ್ಯಾಟಿಕ್ ಜ್ವರ ಇರಬಹುದು. ಕೀಲು ತಾನಾಗಿ ವಾಸಿಯಾಗುತ್ತದೆ, ಅದಕ್ಕೇ ಮನೆಯವರು ಮರೆತುಬಿಡುತ್ತಾರೆ. ಆದರೆ ಅದು ಹೃದಯದ ಕವಾಟಕ್ಕೆ ಪೆಟ್ಟು ಹಾಕಿರಬಹುದು. ಹೃದಯದ ಎಕೋ (ಸ್ಕ್ಯಾನ್) ಮಾಡಿಸಬೇಕು. ರೋಗ ಖಚಿತವಾದರೆ 3ರಿಂದ 4 ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿಯನ್ನು ವರ್ಷಗಟ್ಟಲೆ, ಒಂದೂ ತಪ್ಪದೆ ಹಾಕಿಸಬೇಕಾಗುತ್ತದೆ.

ಸವಕಳಿ: ನಮ್ಮ ಮೊಣಕಾಲಿನ ರೋಗ

ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಡಾಕ್ಟರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಐವತ್ತರ ಆಸುಪಾಸಿನಲ್ಲಿ ಶುರು, ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಮೊಣಕಾಲು, ಹೆಬ್ಬೆರಳ ಬುಡ, ಬೆರಳ ತುದಿಯ ಕೀಲು, ಕುತ್ತಿಗೆ ಮತ್ತು ಸೊಂಟ ಅದರ ಜಾಗಗಳು. ಬೆರಳ ತುದಿಯಲ್ಲಿ ಎರಡು ಗಟ್ಟಿ ಗಂಟು ಕಂಡರೆ ಹೆದರಬೇಕಿಲ್ಲ, ಅದು ಸಾಮಾನ್ಯವಾಗಿ ಇದರದೇ ಗುರುತು. ನೋವಿಲ್ಲದೆ ಮೊಣಕಾಲು ಬರೀ ಲಟಕ್ಕೆಂದರೆ ಅದು ರೋಗವೇ ಅಲ್ಲ.

ನಮ್ಮ ಕಡೆ ಹೆಂಗಸರ ಕೆಲಸವೆಲ್ಲ ನೆಲದ ಮೇಲೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಕುಕ್ಕರಗಾಲಲ್ಲಿ ಕಳೆ ಕೀಳುವುದು, ಬ್ಯಾಡಗಿ ಮೆಣಸಿನಕಾಯಿಯ ರಾಶಿ ಮುಂದೆ ದಿನವಿಡೀ ಕೂತು ತೊಟ್ಟು ಮುರಿಯುವುದು. ಪೂರ್ತಿ ಮಡಚಿದ ಮೊಣಕಾಲಿನಲ್ಲಿ ಚಿಪ್ಪಿನ ಹಿಂದೆ ಒತ್ತಡ ಬಹಳ ಏರುತ್ತದೆ, ನೆಲದಿಂದ ಏಳುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ತೊಟ್ಟು ಮುರಿಯುವ ಕೈಯಲ್ಲಿ ಹೆಬ್ಬೆರಳ ಬುಡ ಸಾವಿರಾರು ಸಲ ಅದೇ ತಿರುವು ತಿರುಗುತ್ತದೆ. ಕೆಲಸ ಬಿಡಿ ಎಂದರೆ ಹೊಟ್ಟೆಗೆ ಏನು? ಕೂರುವ ಎತ್ತರ ಬದಲಿಸಿದರೆ ಸಾಕಷ್ಟು ಆಗುತ್ತದೆ. ಒಲೆಯನ್ನು ಕಟ್ಟೆಗೇರಿಸಿ ನಿಂತು ರೊಟ್ಟಿ ಮಾಡಿ. ಮೆಣಸಿನಕಾಯಿಗೆ ಕುರ್ಚಿ ಮತ್ತು ಮೇಜು, ಆಗದಿದ್ದರೆ ಕಾಲು ಚಾಚಲು ಬರುವಂಥ ಮಣೆ. ಅರ್ಧ ತಾಸಿಗೊಮ್ಮೆ ಎದ್ದು ಹತ್ತು ಹೆಜ್ಜೆ. ಪಾಯಿಖಾನೆಗೆ ನಾಲ್ಕು ಕಾಲಿನ ಕಮೋಡ್ ಸ್ಟೂಲು ಇಡಿ. ಕುರ್ಚಿಯ ಸೀಟು ನಿಮ್ಮ ಮೊಣಕಾಲಿನ ಎತ್ತರಕ್ಕಿಂತ ಕೆಳಗಿರಬಾರದು.

ತೂಕದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ದಪ್ಪಗಿರುವವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕಿಲೋ ಹೊರೆ ತಗ್ಗುತ್ತದೆ. 80 ಕಿಲೋ ಇದ್ದವರು 8 ಕಿಲೋ ಇಳಿಸಿದರೆ ಸಿಗುವ ಸುಖವನ್ನು ಯಾವ ಕ್ಯಾಲ್ಸಿಯಂ ಗುಳಿಗೆಯೂ ಕೊಡದು. ಕ್ಯಾಲ್ಸಿಯಂ, ವಿಟಮಿನ್ ಡಿ ಎಲುಬಿಗೆ ಬೇಕಾದವು ನಿಜ, ಆದರೆ ಸವೆದ ಮೆತ್ತೆ ಅವುಗಳಿಂದ ಬೆಳೆಯುವುದಿಲ್ಲ.

ಇನ್ನು ವ್ಯಾಯಾಮ. ಇದೇ ಈ ರೋಗದ ನಿಜವಾದ ಔಷಧ, ಮತ್ತು ಇದನ್ನೇ ಎಲ್ಲರೂ ಬಿಡುತ್ತಾರೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದರೆ ಕೀಲಿನ ಹೊರೆಯನ್ನು ಅದು ಹೊರುತ್ತದೆ.

ಹಾಸಿಗೆಯ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಡಿ. ಟವೆಲ್ಲನ್ನು ಕೆಳಕ್ಕೆ ಒತ್ತಿ, 5ರಿಂದ 10 ಸೆಕೆಂಡು ಹಿಡಿದು ಬಿಡಿ. 10 ಸಲ. ಆಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗಿಟ್ಟು ಒಂದು ಅಡಿ ಎತ್ತಿ 5 ಸೆಕೆಂಡು ಹಿಡಿಯಿರಿ. ಒಂದೊಂದು ಕಾಲಿಗೆ 10. ಮೂರನೆಯದು, ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 10 ಸಲ. ಆಗದಿದ್ದರೆ ಸೀಟಿನ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮೊದಲ ವಾರ ದಿನಕ್ಕೆ ಒಂದು ಸುತ್ತು, ಆಮೇಲೆ ಎರಡು, ಮೂರು. ಇದರ ಜತೆ ಸಮತಟ್ಟಾದ ದಾರಿಯಲ್ಲಿ 20ರಿಂದ 30 ನಿಮಿಷ ನಡಿಗೆ, ಮೆತ್ತನೆಯ ಅಡಿಯ ಚಪ್ಪಲಿ ಹಾಕಿಕೊಂಡು.

ಮೊದಮೊದಲು ನೋವು ಸ್ವಲ್ಪ ಏರುತ್ತದೆ, ಅಲ್ಲಿಗೇ ಜನ ಕೈಬಿಡುತ್ತಾರೆ. ಅಳತೆ ಹೀಗೆ: ವ್ಯಾಯಾಮ ಮುಗಿದು ಎರಡು ತಾಸಿನೊಳಗೆ ನೋವು ಮೊದಲಿನಷ್ಟಕ್ಕೆ ಬಂದರೆ ಸರಿಯಾಗಿದೆ, ಮಾರನೆಯ ದಿನವೂ ಉಳಿದರೆ ಅಥವಾ ಬಾವು ಬಂದರೆ ಅರ್ಧಕ್ಕೆ ಇಳಿಸಿ. ಫಲ ಕಾಣಲು 6ರಿಂದ 8 ವಾರ ಬೇಕು.

ಕೋಲನ್ನು ನೋಯುವ ಕಾಲಿನ ಕಡೆಯೇ ಹಿಡಿಯುವುದು ಎಲ್ಲೆಡೆ ಕಾಣುವ ತಪ್ಪು. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜತೆಗೇ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಎಕ್ಸ್‌ರೇ ತೆಗೆಸುವಾಗ ನಿಲ್ಲಿಸಿ ತೆಗೆಯಲು ಕೇಳಿ. ಮಲಗಿದರೆ ಎಲುಬುಗಳ ನಡುವಿನ ಸಂದು ಇದ್ದದ್ದಕ್ಕಿಂತ ಅಗಲ ಕಾಣುತ್ತದೆ. ಫಿಲ್ಮ್ ನೋಡಿ ಎದೆ ಒಡೆದುಕೊಳ್ಳಬೇಡಿ. ಬಹಳ ಸವೆದ ಕೀಲಿನಲ್ಲಿ ನೋವು ಕಡಿಮೆ ಇರುವುದೂ ಉಂಟು, ಕಡಿಮೆ ಸವೆದದ್ದು ಹೆಚ್ಚು ನೋಯುವುದೂ ಉಂಟು. ಕೀಲು ಬದಲಿಸುವ ಆಪರೇಷನ್ ತೀರ್ಮಾನವಾಗಬೇಕಾದದ್ದು ರಾತ್ರಿ ನಿದ್ದೆ, ನಡೆಯುವ ದೂರ, ಮನೆಗೆಲಸ ಇವುಗಳ ಮೇಲೆ; ಬರೀ ಫಿಲ್ಮಿನ ಮೇಲಲ್ಲ.

ಸೊಸೆಯ ಬೆರಳು: ರುಮಟಾಯ್ಡ್ ಆರ್ಥ್ರೈಟಿಸ್

ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. 30ರಿಂದ 50ರ ವಯಸ್ಸಿನಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು. ಎರಡೂ ಕೈಯ ಬೆರಳ ಬುಡದ ಗೆಣ್ಣು, ನಡುವಿನ ಕೀಲು, ಮಣಿಕಟ್ಟು, ಕಾಲ್ಬೆರಳ ಬುಡ ಊದುತ್ತವೆ. ಬೆರಳ ತುದಿಯ ಕೀಲನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ರೊಟ್ಟಿ ಹಿಟ್ಟು ನಾದಲು, ಬಟ್ಟೆ ಹಿಂಡಲು, ನೀರಿನ ಕೊಡದ ಕಂಠ ಹಿಡಿಯಲು ಆಗುವುದಿಲ್ಲ, ಮಧ್ಯಾಹ್ನಕ್ಕೆ ಸಡಿಲ. ಅದಕ್ಕೇ ಮನೆಯವರು ‘ಮುಂಜಾನೆ ಕೆಲಸಕ್ಕ ನೆವ’ ಎಂದುಬಿಡುವುದುಂಟು. ನೆವ ಅಲ್ಲ ಅದು, ಈ ರೋಗದ ಸ್ವಭಾವವೇ ಹಾಗೆ. ಜತೆಗೆ ಸುಸ್ತು, ಸಣ್ಣ ಜ್ವರ, ತೂಕ ಇಳಿಕೆ.

ಪರೀಕ್ಷೆ ಮಾಡುವ ಸುಲಭ ಬಗೆ: ನಾಲ್ಕು ಬೆರಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಕೈಕುಲುಕುವಷ್ಟು ಒತ್ತಿ. ಅದಕ್ಕೇ ಚೀರುವಂತಾದರೆ, ಬಾವು ಆರು ವಾರ ಮೀರಿದ್ದರೆ, ತಡಮಾಡಬೇಡಿ. ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ, ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ‘ಆರ್‌ಎ ನೆಗೆಟಿವ್ ಬಂತು, ಏನಿಲ್ಲ’ ಎಂದು ಮನೆಗೆ ಬರುವುದು ದೊಡ್ಡ ತಪ್ಪು. ಈ ರೋಗ ಇರುವ ಹತ್ತರಲ್ಲಿ ಇಬ್ಬರು ಮೂವರಿಗೆ ಅದು ನೆಗೆಟಿವ್ ಇರುತ್ತದೆ, ರೋಗವಿಲ್ಲದ ಕೆಲವರಿಗೆ ಪಾಸಿಟಿವ್ ಇರುತ್ತದೆ. ಊದಿದ ಕೀಲು ಹೇಳುವುದು ಕಾಗದಕ್ಕಿಂತ ಹೆಚ್ಚು.

ಮುಖ್ಯ ಔಷಧ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಸಾಮಾನ್ಯವಾಗಿ 7.5 ಅಥವಾ 10 ಮಿಲಿಗ್ರಾಂನಿಂದ ಶುರುಮಾಡಿ ಡಾಕ್ಟರು ಏರಿಸುತ್ತಾರೆ. ಇದನ್ನು ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಇಳಿದು ಜೀವಕ್ಕೇ ಕುತ್ತು. ಈ ತಪ್ಪು ಆಗುವುದು ಚೀಟಿ ಓದಲು ಬಾರದ ಮನೆಯಲ್ಲಿ ಮಾತ್ರವಲ್ಲ, ಓದಿದವರ ಮನೆಯಲ್ಲೂ ‘ದಿನಕ್ಕೊಂದು’ ರೂಢಿಯಿಂದ ಆಗುತ್ತದೆ. ಊರಿನ ಸಂತೆಯ ದಿನವನ್ನೇ ಇದಕ್ಕೆ ಇಟ್ಟುಕೊಳ್ಳಿ. ಆ ದಿನ ಮನೆಯವರೆಲ್ಲರಿಗೂ ನೆನಪಿರುತ್ತದೆ. ಗುಳಿಗೆ ಪಟ್ಟಿಯ ಮೇಲೆ ವಾರದ ಹೆಸರು ಬರೆದು, ಉಳಿದ ಗುಳಿಗೆಗಳಿಂದ ಬೇರೆ ಡಬ್ಬಿಯಲ್ಲಿಡಿ. ಫೋಲಿಕ್ ಆಸಿಡ್ ಗುಳಿಗೆ ಬೇರೆ ದಿನ. ಮೊದಲ ತಿಂಗಳುಗಳಲ್ಲಿ 2ರಿಂದ 4 ವಾರಕ್ಕೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ. ಸಾರಾಯಿ ಮುಟ್ಟಬಾರದು. ಬಸಿರಾಗುವ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಕೆಲವು ತಿಂಗಳು ಮುಂಚೆ ನಿಲ್ಲಿಸಬೇಕು. ಬಾಯಿ ಹುಣ್ಣು, ಜ್ವರ, ಒಣ ಕೆಮ್ಮು, ಏದುಸಿರು ಬಂದರೆ ಮುಂದಿನ ವಾರದ ಗುಳಿಗೆ ನುಂಗದೆ ದವಾಖಾನೆಗೆ ಹೋಗಿ.

ಈ ಔಷಧದ ಕೆಲಸ ಶುರುವಾಗಲು 6ರಿಂದ 12 ವಾರ ಬೇಕು. ಹದಿನೈದು ದಿನಕ್ಕೆ ‘ಗುಣ ಇಲ್ಲ’ ಎಂದು ಬಿಡಬಾರದು, ಗುಣವಾದ ಮೇಲೆ ‘ಸಾಕು’ ಎಂದೂ ಬಿಡಬಾರದು. ಬಿಟ್ಟರೆ ರೋಗ ತಿರುಗಿ ಬರುವುದೇ ಹೆಚ್ಚು.

ಹೆಬ್ಬೆರಳ ಬೆಂಕಿ: ಗೌಟ್

ರಾತ್ರಿ ಚೆನ್ನಾಗಿ ಮಲಗಿದವರು ನಸುಕಿಗೆ ಎದ್ದರೆ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋಗುವಂತಾಗಿರುತ್ತದೆ. ಒಂದು ದಿನದಲ್ಲಿ ಏರಿ, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಹೆಚ್ಚಾಗಿ ಗಂಡಸರಿಗೆ. ಯೂರಿಕ್ ಆಸಿಡ್ 100 ಮಿಲಿಲೀಟರ್ ರಕ್ತಕ್ಕೆ 6.8 ಮಿಲಿಗ್ರಾಂ ದಾಟಿದರೆ ರಕ್ತದಲ್ಲಿ ಕರಗಿರಲಾರದೆ ಹರಳಾಗುತ್ತದೆ. ನೋವಿನ ದಿನವೇ ರಕ್ತ ಕೊಟ್ಟರೆ ಅಂಕಿ ಸರಿಯಿದ್ದಂತೆ ಕಾಣಬಹುದು, ಎರಡು ವಾರ ಬಿಟ್ಟು ಮತ್ತೆ ನೋಡಬೇಕು. ಇದರ ಇನ್ನೊಂದು ಮುಖ: ನೋವೇ ಬರದವರಿಗೆ ಬರೀ ಅಂಕಿ 7.5 ಇದೆ ಎಂದು ವರ್ಷಗಟ್ಟಲೆ ಗುಳಿಗೆ ಬೇಡ.

ಪದೇಪದೇ ಬರುವವರಿಗೆ ಅಲೋಪ್ಯೂರಿನಾಲ್ 100 ಮಿಲಿಗ್ರಾಂನಿಂದ ಶುರುಮಾಡಿ, ಅಂಕಿ 6ರ ಕೆಳಗೆ ಬರುವವರೆಗೆ ಏರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸಬಹುದು. ಹಳೆಯ ಹರಳು ಕರಗುವಾಗ ಹಾಗಾಗುತ್ತದೆ, ಗುಳಿಗೆ ನಿಲ್ಲಿಸಬೇಡಿ. ಮೈಮೇಲೆ ದದ್ದು ಎದ್ದರೆ ಮಾತ್ರ ಕೂಡಲೇ ನಿಲ್ಲಿಸಿ ಡಾಕ್ಟರನ್ನು ಕಾಣಿ. ಬಿಯರು, ಸಾರಾಯಿ, ಕುರಿಯ ಲಿವರು ಬೋಟಿ, ಸಿಹಿ ಪಾನೀಯ ಕಡಿಮೆ ಮಾಡಿ. ತೊಗರಿ ಬೇಳೆ, ಹೆಸರುಕಾಳು, ಪಾಲಕ ಬಿಡುವ ಅಗತ್ಯವಿಲ್ಲ. ಬೇಳೆ ಬಿಡಿಸಿ ರೊಟ್ಟಿ ಖಾರ ತಿನ್ನಿಸಿ ಸೊರಗಿಸುವುದು ಬೇಡ.

ಹರೆಯದ ಬೆನ್ನು, ಸಿಪ್ಪೆ ಏಳುವ ಚರ್ಮ

ಇಪ್ಪತ್ತು ಇಪ್ಪತ್ತೈದರ ಹುಡುಗನಿಗೆ ಮೂರು ತಿಂಗಳು ಮೀರಿದ ಬೆನ್ನುನೋವು. ಮಲಗಿದರೆ ಹೆಚ್ಚು, ನಡೆದಾಡಿದರೆ ಕಡಿಮೆ, ರಾತ್ರಿ ಮೂರಕ್ಕೆ ಎಬ್ಬಿಸುತ್ತದೆ, ಹಿಮ್ಮಡಿಯೂ ನೋಯುತ್ತದೆ. ಬೈಕು ಓಡಿಸಿದ್ದಕ್ಕೆ ಎಂದು ತಳ್ಳಿಹಾಕಬೇಡಿ, ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಬಿಟ್ಟರೆ ಬೆನ್ನೆಲುಬು ಬೆಸೆದು ಬಾಗುತ್ತದೆ. ಇಲ್ಲಿ ವಿಶ್ರಾಂತಿಯೇ ಶತ್ರು. ಆರಂಭದಲ್ಲಿ ಎಕ್ಸ್‌ರೇ ಸ್ವಚ್ಛ ಕಾಣಬಹುದು, ಸೊಂಟದ ಕೆಳಗಿನ ಕೀಲಿನ ಎಂಆರ್‌ಐ ಬೇಕಾಗುತ್ತದೆ. ಕಣ್ಣು ಕೆಂಪಾಗಿ ಬೆಳಕಿಗೆ ಚುಚ್ಚಿದರೆ ಅವತ್ತೇ ಕಣ್ಣಿನ ಡಾಕ್ಟರಲ್ಲಿಗೆ.

ತಲೆ, ಮೊಣಕೈ ಮೇಲೆ ಬೆಳ್ಳಿಯಂಥ ಹಪ್ಪಳೆ ಇದ್ದು, ಉಗುರಲ್ಲಿ ಸೂಜಿ ಚುಚ್ಚಿದಂಥ ಗುಳಿ ಇದ್ದು, ಇಡೀ ಬೆರಳು ಊದಿದರೆ ಅದು ಸೋರಿಯಾಸಿಸ್ ಜತೆಗಿನ ಸಂಧಿವಾತ. ಚರ್ಮದ ಡಾಕ್ಟರಿಗೆ ಕೀಲನ್ನೂ, ಕೀಲಿನ ಡಾಕ್ಟರಿಗೆ ಚರ್ಮವನ್ನೂ ತೋರಿಸಿ.

ಜ್ವರದ ನಂತರ, ನೀರಿನಿಂದ

2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕವನ್ನೆಲ್ಲ ನೆಲಕ್ಕೆ ಕೆಡವಿದ್ದು ಹಿರಿಯರಿಗೆ ನೆನಪಿದೆ. ಜ್ವರ ವಾರದಲ್ಲಿ ಹೋದರೂ ಕೀಲು ತಿಂಗಳುಗಟ್ಟಲೆ ಹಿಡಿಯಬಹುದು, ಎರಡೂ ಕೈಗೆ ಬಂದು ರುಮಟಾಯ್ಡ್‌ನಂತೆಯೇ ಕಾಣಬಹುದು. ಜ್ವರ ಇರುವಾಗ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಬೇರೆ ನೋವಿನ ಗುಳಿಗೆ ರಕ್ತಸ್ರಾವ ತರಬಹುದು. ಮೂರು ತಿಂಗಳಾದರೂ ಬಾವು ಇಳಿಯದಿದ್ದರೆ ಮತ್ತೆ ಪರೀಕ್ಷೆ ಆಗಬೇಕು.

ಗದಗ ಜಿಲ್ಲೆಯವರು, ಅದರಲ್ಲೂ ಮುಂಡರಗಿ ಸೀಮೆಯವರು, ನೀರನ್ನೂ ನೋಡಬೇಕು. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ವರ್ಷಗಟ್ಟಲೆ ಕುಡಿದರೆ ಅದು ಎಲುಬಿನಲ್ಲಿ, ಎಲುಬು ಕಟ್ಟುವ ನಾರಿನಲ್ಲಿ ಕೂರುತ್ತದೆ. ಗುರುತು: ಹುಟ್ಟಿದ್ದು ಅಲ್ಲೇ ಆದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಗದ್ದ ಎದೆಗೆ ಮುಟ್ಟುವುದಿಲ್ಲ, ಬಗ್ಗಿ ಕಾಲ್ಬೆರಳು ಮುಟ್ಟಲಾಗುವುದಿಲ್ಲ, ಕೀಲಲ್ಲಿ ಬಾವು ಇಲ್ಲದಿದ್ದರೂ ಮೈಯೆಲ್ಲ ಕಟ್ಟಿಗೆ. ಒಂದು ಓಣಿಯಲ್ಲಿ ಹಲವರಿಗೆ ಹೀಗಿದ್ದರೆ ಸಂಶಯವೇ ಬೇಡ, ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ನದಿ ನೀರು, ಮಳೆ ನೀರು ಅಥವಾ ಆರ್‌ಒ ಘಟಕದ ನೀರನ್ನು ಕುಡಿಯಲಿಕ್ಕೂ ಅಡಿಗೆಗೂ ಬಳಸಿ. ಅಡಿಗೆಗೆ ಬೋರ್ ನೀರೇ ಹಾಕಿದರೆ ಅರ್ಧ ಕೆಲಸವಷ್ಟೇ ಆದಂತೆ.

ನೋವಿನ ಗುಳಿಗೆ, ಸಂತೆಯ ಪುಡಿ

ಸವೆದ ಮೊಣಕಾಲಿಗೆ ಮೊದಲು ಡೈಕ್ಲೋಫೆನಾಕ್ ಜೆಲ್. ಕಡಲೆಯಷ್ಟು ಹಚ್ಚಿದರೆ ನಾಟುವುದಿಲ್ಲ. ಒಂದು ಮೊಣಕಾಲಿಗೆ ಸಲಕ್ಕೆ ಸುಮಾರು 3 ಗ್ರಾಂ ಬೇಕು; 30 ಗ್ರಾಂ ಟ್ಯೂಬು ಹತ್ತು ಸಲಕ್ಕೆ ಮುಗಿಯಬೇಕು. ಹಚ್ಚಿ ಬಟ್ಟೆ ಕಟ್ಟಬೇಡಿ, ಮೇಲೆ ಶಾಖ ಕೊಡಬೇಡಿ.

ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಗುಂಪಿನವು. ಬೆಳಿಗ್ಗೆ ಒಂದು, ರಾತ್ರಿ ಇನ್ನೊಂದು ನುಂಗಿದರೆ ನೋವು ಇಮ್ಮಡಿ ಕಡಿಮೆಯಾಗುವುದಿಲ್ಲ, ಹೊಟ್ಟೆಹುಣ್ಣು ಮಾತ್ರ ಇಮ್ಮಡಿ. ಅಂಗಡಿಯ ಜೋಡಿ ಗುಳಿಗೆಯಲ್ಲಿ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ, ಅದರ ಮೇಲೆ 650ರ ಗುಳಿಗೆ ಬೇರೆ ನುಂಗಿದರೆ ಲೆಕ್ಕ ತಪ್ಪುತ್ತದೆ. ದಿನಕ್ಕೆ ಒಟ್ಟು 3 ಗ್ರಾಂ ದಾಟಿಸಬೇಡಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಡೈಕ್ಲೋಫೆನಾಕ್ ಗುಂಪಿನ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ನುಂಗಲೇಬಾರದು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ, ಕೂಡಲೇ ಹೋಗಿ.

ಹೆಸರಿಲ್ಲದ ಪೊಟ್ಟಣದ ಪುಡಿ, ಕರಿ ಗುಳಿಗೆ ನುಂಗಿ ಎರಡೇ ದಿನದಲ್ಲಿ ಪವಾಡದಂತೆ ನೋವು ಹೋದರೆ ಸಂಶಯಪಡಿ, ಒಳಗೆ ಸ್ಟಿರಾಯ್ಡ್ ಬೆರೆತಿರಬಹುದು. ತಿಂಗಳುಗಳಲ್ಲಿ ಮುಖ ಗುಂಡಗಾಗುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ತೊಡೆಸಂದಿನ ಗುಂಡೆಲುಬು ಸಾಯಬಹುದು. ಬಹಳ ದಿನ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಬಿಪಿ ಕುಸಿದು ಬೀಳುತ್ತಾರೆ. ಆ ಪೊಟ್ಟಣವನ್ನೇ ಡಾಕ್ಟರ ಮುಂದಿಟ್ಟು ಎಷ್ಟು ದಿನದಿಂದ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ನಿಧಾನವಾಗಿ ಇಳಿಸುತ್ತಾರೆ.

ಯಾವ ಕೌಂಟರಿನಲ್ಲಿ ಚೀಟಿ ಮಾಡಿಸುವುದು

ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಗಲಿ, ಗದಗಿನ ಜಿಮ್ಸ್ ಆಗಲಿ, ಹಾವೇರಿಯ ಜಿಲ್ಲಾ ದವಾಖಾನೆ ಆಗಲಿ, ಕೀಲು ಎಂದ ಕೂಡಲೇ ಎಲುಬಿನ ವಿಭಾಗದ ಸಾಲಿಗೆ ನಿಲ್ಲುವುದು ರೂಢಿ. ಸವೆದ ಮೊಣಕಾಲು, ಬಿದ್ದ ಪೆಟ್ಟು, ಕೀವಿನ ಕೀಲಿಗೆ ಅದು ಸರಿ. ಹಲವು ಕೀಲು ಊದಿದ್ದರೆ, ಬೆಳಿಗ್ಗೆ ತಾಸುಗಟ್ಟಲೆ ಬಿಗಿತವಿದ್ದರೆ, ಗೌಟ್ ಸಂಶಯವಿದ್ದರೆ ಮೆಡಿಸಿನ್ ವಿಭಾಗದ ಚೀಟಿ ಮಾಡಿಸಿ, ರುಮಟಾಲಜಿಸ್ಟ್ (ಸಂಧಿವಾತದ ತಜ್ಞ ಡಾಕ್ಟರು) ಇದ್ದರೆ ಅವರಲ್ಲಿಗೆ ಕಳಿಸಲು ಕೇಳಿ. ಒಂದು ವಾರ ಬರೆದ ಹಾಳೆ, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಹಳೆಯ ಎಕ್ಸ್‌ರೇ, ರೇಷನ್ ಕಾರ್ಡ್ ಮತ್ತು ಆಧಾರ್ ಒಯ್ಯಿರಿ. ದೊಡ್ಡ ಖರ್ಚು ಬರುವುದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರಕಾರಿ ಯೋಜನೆಯಲ್ಲಿ ಏನೇನು ಸಿಗುತ್ತದೆ ಎಂದು ಅದರ ನೆರವಿಗೆ ದವಾಖಾನೆಯಲ್ಲಿರುವ ಆರೋಗ್ಯಮಿತ್ರರನ್ನು ಆಪರೇಷನ್ ದಿನ ಗೊತ್ತುಮಾಡುವ ಮುಂಚೆಯೇ ಕೇಳಬೇಕು. ಬಾವು ಬಂದುಹೋಗುವ ಥರದ್ದಾಗಿದ್ದರೆ ಬಂದ ದಿನ ಬೆಳಿಗ್ಗೆಯೇ ಮೊಬೈಲಿನಲ್ಲಿ ಎರಡೂ ಕೈಯ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಸರದಿ ಬರುವ ಹೊತ್ತಿಗೆ, ಮಧ್ಯಾಹ್ನ ಹನ್ನೆರಡಕ್ಕೆ, ಬೆರಳು ಇಳಿದಿರುತ್ತವೆ.